ದುಡ್ಡು ಕೊಡೋದಾದ್ರೆ ಮಷೀನೇ ಕೊಡ್ತೀವಿ, ಸಂಶೋಧನೆಗೆ ಯಾಕೆ?

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಇಲ್ಲಿನ ನಾಲ್ಕಾರು ಜನ ಫಿಸಿಯೋಗಳು ಸೇರಿ ದುಡ್ಡು ಕೂಡಿಸುತ್ತೇವೆ. ಅದರಲ್ಲಿ ಒಂದಷ್ಟು ಫಿಸಿಯೋಥೆರಪಿ ಓದುವ ಬಡ ಮಕ್ಕಳ ಫೀಸಿಗೆ. ಇನ್ನೊಂದಷ್ಟು ತೋಟದ ಕೆಲಸಗಾರರ ಮೈಕೈ ನೋವಿನ ಬಗ್ಗೆ ಸಣ್ಣ ಸಂಶೋಧನೆ ಮಾಡುವುದಕ್ಕೆ. ಯಾರ ಮನೆಗೆ ಹೋದರೂ ಕಾಫಿ ಕೊಟ್ಟು, ಕೂರಿಸಿ, ಒಂದೇ ಮಾತು ಕೇಳುತ್ತಾರೆ. "ಮೇಡಂ, ಯಾವ್ದಾದ್ರೂ ಮಷೀನ್ ಹೇಳಿ, ಕೊಡಿಸ್ತೀನಿ. ಕೈಕಾಲು ಆಡಿಸೋದಕ್ಕೆ ಸಂಶೋಧನೆ ಯಾಕೆ?"

ಕೊಡುವ ಮನಸ್ಸಿರುವವರೇ ಹೀಗೆ ಕೇಳುವುದು. ಅದಕ್ಕೇ ನಿಂತ ನಿಲುವಿನಲ್ಲಿ ಏನೋ ಹೇಳಿ ಬರುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮಷೀನಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಫಿಸಿಯೋಥೆರಪಿ ಅಂದರೆ "ಕರೆಂಟ್ ಇಡೋದು". ಸೊಂಟನೋವು ಅಂತ ಬಂದವರು ಮಂಚದ ಮೇಲೆ ಬೋರಲು ಮಲಗಿ, "ಕರೆಂಟ್ ಇಡಿ ಮೇಡಂ, ಹೋದ್ಸಲ ಅಲ್ಲಿ ಇಟ್ಟಿದ್ರು" ಅನ್ನುತ್ತಾರೆ. ಆದರೆ ಇಂಗ್ಲೆಂಡಿನ ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲೇ ಸೊಂಟನೋವಿಗೆ ಅಲ್ಟ್ರಾಸೌಂಡ್, ಮತ್ತೆ ಈ ಕರೆಂಟ್ ಇಡುವ ಬಗೆಗಳಾದ ಟೆನ್ಸ್, ಇಂಟರ್‌ಫೆರೆನ್ಷಿಯಲ್ ಚಿಕಿತ್ಸೆ ಕೊಡಬೇಡಿ ಅಂತ ಹೇಳಿಬಿಟ್ಟಿತು. ವ್ಯಾಯಾಮ ಮಾಡಿಸಿ, ಓಡಾಡಿಕೊಂಡಿರಲು ಹೇಳಿ ಅಂದಿತು. ಇದು ಅವರಿಗೆ ಹೇಗೆ ಗೊತ್ತಾಯಿತು? ಯಾರೋ ದುಡ್ಡು ಹಾಕಿ, ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ತಿಂಗಳುಗಟ್ಟಲೆ ಅಳೆದು ನೋಡಿದ್ದರಿಂದ. ಆ ಕೆಲಸ ಆಗದೇ ಇದ್ದಿದ್ದರೆ ನೀವು ಕೊಡಿಸುವ ಮಷೀನು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅಂತ ನಿಮಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ವಾಕರ್, ವೀಲ್‌ಚೇರ್, ಪ್ಯಾರಲಲ್ ಬಾರ್ ಇವೆಲ್ಲ ಬೇಕೇ ಬೇಕು, ಕೊಡಿ. ಅವುಗಳ ಬಗ್ಗೆ ತಕರಾರಿಲ್ಲ.

ಲಕ್ವದ ವಿಷಯ ಇನ್ನೂ ದೊಡ್ಡದು. ಲಕ್ವ ಹೊಡೆದವರನ್ನು ಎಷ್ಟು ಬೇಗ ಎಬ್ಬಿಸಿ, ಎಷ್ಟು ಜಾಸ್ತಿ ನಡೆಸಿದರೆ ಅಷ್ಟು ಒಳ್ಳೆಯದು ಅಂತ ಬಹಳ ಜನ ನಂಬಿದ್ದರು. ನಂಬಿಕೆ ಸಹಜವೇ. ಮಲಗಿಸಿಯೇ ಇಟ್ಟರೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಆಸ್ಟ್ರೇಲಿಯಾದವರ ಮುಂದಾಳತ್ವದಲ್ಲಿ ಐದು ದೇಶಗಳ 56 ಆಸ್ಪತ್ರೆ ಘಟಕಗಳಲ್ಲಿ 2104 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಆವರ್ಟ್ ಅಂತ ಆ ಅಧ್ಯಯನದ ಹೆಸರು, ಫಲಿತಾಂಶ ಬಂದದ್ದು 2015ರಲ್ಲಿ. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಮತ್ತೆ ಮತ್ತೆ ನಿಲ್ಲಿಸಿ ನಡೆಸಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಚೆನ್ನಾಗಿದ್ದವರು 46%. ಎಂದಿನಂತೆ ನೋಡಿಕೊಂಡವರಲ್ಲಿ 50%. ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕಿತ್ಸೆಯೂ ಅತಿಯಾದರೆ ಕೆಡುಕಾಗಬಹುದು ಅಂತ ಅವತ್ತು ಲೆಕ್ಕ ಸಮೇತ ಗೊತ್ತಾಯಿತು.

ನಮ್ಮ ದೇಶದ ಪ್ರಶ್ನೆಗೂ ಹೀಗೆ ಉತ್ತರ ಹುಡುಕಿದ್ದಾರೆ. ನಮ್ಮಲ್ಲಿ ಫಿಸಿಯೋಗಳು ಕಡಿಮೆ, ಮನೆಯವರು ಜಾಸ್ತಿ. ಮಗನಿಗೋ ಸೊಸೆಗೋ ವ್ಯಾಯಾಮ ಕಲಿಸಿ ಕಳಿಸಿದರೆ ಸಾಕಲ್ವಾ? ಅಟೆಂಡ್ ಅನ್ನುವ ಅಧ್ಯಯನ ಭಾರತದ 14 ಆಸ್ಪತ್ರೆಗಳಲ್ಲಿ 1250 ಲಕ್ವ ರೋಗಿಗಳ ಮೇಲೆ ಇದನ್ನೇ ನೋಡಿತು. 2017ರಲ್ಲಿ ಉತ್ತರ ಬಂತು: ಮನೆಯವರಿಗೆ ಕಲಿಸಿದ ಗುಂಪಿಗೂ ಎಂದಿನ ಆರೈಕೆಯ ಗುಂಪಿಗೂ ಆರು ತಿಂಗಳಾದ ಮೇಲೆ ವ್ಯತ್ಯಾಸ ಇಲ್ಲ. ಮನೆಯವರ ಮೇಲೆ ಭಾರ ಹೊರಿಸಿ ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ, ತರಬೇತಿ ಪಡೆದ ಸಹಾಯಕರೋ ಊರ ಮಟ್ಟದ ತಂಡವೋ ಮಾಡಿದರೆ ಹೇಗೆ ಅಂತ ಮುಂದೆ ನೋಡಬೇಕು ಅನ್ನುವುದು ಅದರ ತಾತ್ಪರ್ಯ. ಲಕ್ವ ಹೊಡೆದ ಅತ್ತೆಗೆ ಸೊಸೆ ಹಗಲು ರಾತ್ರಿ ವ್ಯಾಯಾಮ ಮಾಡಿಸಿ, ಸುಧಾರಣೆ ಕಾಣದೆ, "ನಾನೇ ಸರಿಯಾಗಿ ಮಾಡಿಸಲಿಲ್ವೇನೋ" ಅಂತ ನನ್ನ ಮುಂದೆ ಅತ್ತರೆ ನಾನು ಧೈರ್ಯವಾಗಿ ಉತ್ತರ ಹೇಳುವುದು ಈ ಅಧ್ಯಯನದ ಬಲದಿಂದ. ಇಷ್ಟಾಗಿಯೂ ಇದಕ್ಕೆ ದುಡ್ಡು ಕೊಟ್ಟದ್ದು ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ. ನಮ್ಮ ಮನೆಗಳ ಪ್ರಶ್ನೆಗೆ ಅಲ್ಲಿಯವರ ತೆರಿಗೆ ದುಡ್ಡು. ಅವರಿಗೆ ನಾನು ಋಣಿ. ಆದರೆ ಸಕಲೇಶಪುರದ ತೋಟದ ಆಳಿನ ಸೊಂಟದ ಬಗ್ಗೆಯೂ ಅವರೇ ಯೋಚಿಸಲಿ ಅಂತ ಕಾದು ಕೂರೋಕಾಗುತ್ತಾ?

ಕಾಫಿ ಕೊಯ್ಲು ನೋಡಿದವರಿಗೆ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಸೊಂಟಕ್ಕೆ ಕಟ್ಟಿದ ಚೀಲ ಹೊತ್ತು ಕಳೆದಂತೆ ಭಾರವಾಗುತ್ತದೆ. ಒಂದು ಕೈಲಿ ಕೊಂಬೆ ಬಗ್ಗಿಸಿ ಇನ್ನೊಂದು ಕೈಲಿ ಹಣ್ಣು ಕೀಳಬೇಕು. ಸಂಜೆ ಮೂಟೆ ಹೊತ್ತು ತೂಕದ ಜಾಗಕ್ಕೆ ತರಬೇಕು. ಇದನ್ನು ಹೆಚ್ಚಾಗಿ ಮಾಡುವವರು ಹೆಂಗಸರು. ಕೊಯ್ಲು ಮುಗಿಯೋ ಹೊತ್ತಿಗೆ ಕತ್ತು, ಭುಜ, ಸೊಂಟ ಹಿಡಿದುಕೊಂಡು ಬರುತ್ತಾರೆ. ಗಂಡಸರು ಸಿಲ್ವರ್ ಮರಕ್ಕೆ ಏಣಿ ಇಟ್ಟು ಮೆಣಸು ಕೀಳುತ್ತಾರೆ. ಅಲ್ಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು ಆಸ್ಪತ್ರೆಯಿಂದ ವಾಪಸ್ ಹೋಗುವುದು ತೋಟದ ಆಳುಗಳ ಸಾಲುಮನೆಗೆ, ಅಂದರೆ ಲೈನ್ ಮನೆಗೆ. ಬಾಗಿಲಲ್ಲಿ ಮೆಟ್ಟಿಲು, ಮುಂದೆ ಕೆಸರು ದಾರಿ. ಅಲ್ಲಿ ಯಾವ ವೀಲ್‌ಚೇರ್ ಓಡುತ್ತದೆ?

ಈಗ ಒಂದು ಫಾರಂ ನೋಡಿ. ಸೊಂಟನೋವು ಎಷ್ಟು ತೊಂದರೆ ಕೊಡುತ್ತಿದೆ ಅಂತ ಅಳೆಯಲು ಲೋಕವೆಲ್ಲ ಬಳಸುವ ಆಸ್ವೆಸ್ಟ್ರಿ ಪ್ರಶ್ನಾವಳಿ ಇದೆ. ಹತ್ತು ಭಾಗ, ಒಳ್ಳೆಯ ಸಾಧನ. ಅದರಲ್ಲಿ ಕೂರುವುದರ ಬಗ್ಗೆ ಕೇಳುವುದು ಕುರ್ಚಿ ಲೆಕ್ಕದಲ್ಲಿ: ಯಾವ ಕುರ್ಚಿಯಲ್ಲಿ, ಎಷ್ಟು ಹೊತ್ತು. ಲೈನ್ ಮನೆಯ ಹೆಂಗಸು ದಿನದಲ್ಲಿ ಕುರ್ಚಿ ಮೇಲೆ ಎಷ್ಟು ಹೊತ್ತು ಕೂರುತ್ತಾಳೆ? ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಕೂತು ಏಳುವಾಗಲೇ ಅವಳ ಜೀವ ಹೋಗುವುದು. ಅದಕ್ಕೆ ಫಾರಂನಲ್ಲಿ ಜಾಗವೇ ಇಲ್ಲ. ಆದರೆ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಒಂದು ಲೆಕ್ಕ ಆಗಲೇ ಇರುತ್ತದೆ. ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ, ಯಾರು ಯಾವ ದಿನ ಎಷ್ಟು ಹಣ್ಣು ಕಿತ್ತರು ಅಂತ ಬರೆದಿಡುತ್ತಾರೆ. ನೋವು ಹೆಚ್ಚಾದ ವಾರ ಕೆಜಿ ಇಳಿಯುತ್ತದಾ? ಬೆಳಗ್ಗೆ ಹತ್ತು ನಿಮಿಷ ವ್ಯಾಯಾಮ ಮಾಡಿಸಿದರೆ, ಚೀಲ ಕಟ್ಟುವ ರೀತಿ ಬದಲಿಸಿದರೆ ಏರುತ್ತದಾ? ಕೂಲಿ ಎಷ್ಟು ಉಳಿಯುತ್ತದೆ? ಇದು ದೊಡ್ಡ ಲ್ಯಾಬಿನ ಕೆಲಸ ಅಲ್ಲ. ಆದರೂ ಯಾರಾದರೂ ಕೂತು ಮಾಡಬೇಕು.

ಪ್ಲಾಂಟರುಗಳಿಗೆ ನಾನು ಬಾಳೆಹೊನ್ನೂರು ನೆನಪಿಸುತ್ತೇನೆ. 1925ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರು ಮಾಡಿತು. ಎಲೆ ತುಕ್ಕು ರೋಗ ತಡೆಯುವ ಎಸ್.795 ತಳಿ 1940ರ ದಶಕದಲ್ಲಿ ಬಂದದ್ದು ಆ ಕೆಲಸದಿಂದ. ಇವತ್ತಿಗೂ ತೋಟಗಳಲ್ಲಿ ಅದಿದೆ. ಗಿಡಕ್ಕೆ ಸಂಶೋಧನೆ ಯಾಕೆ ಅಂತ ಚಿಕ್ಕಮಗಳೂರಲ್ಲೂ ಹಾಸನದಲ್ಲೂ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಗಿಡದಷ್ಟೇ ಗಮನ ಹಣ್ಣು ಕೀಳುವ ಕೈಗೂ ಕೊಡಿ ಅಂತ ನನ್ನ ಬೇಡಿಕೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ನಿಮ್ಮ ಹಕ್ಕು. ಹೆಚ್ಚಿನದು ಬಸ್ ಚಾರ್ಜಿಗೆ ಮತ್ತು ಕೂಲಿಗೆ. ನಿಜ. ಮೊದಲ ಸಲ ಪರೀಕ್ಷೆಗೆ ಬಂದವರು ಮೂರು ತಿಂಗಳ ಮೇಲೆ ಮತ್ತೆ ಬರಬೇಕು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಯಾರು ಬರುತ್ತಾರೆ? ಬರದಿದ್ದರೆ ಅಧ್ಯಯನ ಅಲ್ಲಿಗೇ ಸತ್ತ ಹಾಗೆ. ಉಳಿದದ್ದು ಕೈ ಹಿಡಿತದ ಬಲ ಅಳೆಯುವ ಡೈನಮೋಮೀಟರ್, ಫಾರಂ ಅಚ್ಚು, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಶುಲ್ಕ, ಲೆಕ್ಕ ಹಾಕುವವರ ಸಂಬಳ. ಎಂಪಿಟಿ, ಅಂದರೆ ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ, ಓದುವವರು ಪ್ರಬಂಧ ಬರೆಯಲೇಬೇಕು. ಇದೆಲ್ಲ ಅವರ ಜೇಬಿನಿಂದ ಹೋಗುವುದಾದರೆ ಏನಾಗುತ್ತದೆ? ಕಾಲೇಜಿನ ಗೆಳೆಯರನ್ನೇ ಅಳೆದು ಮುಗಿಸುತ್ತಾರೆ. ಇಪ್ಪತ್ತರ ಹುಡುಗರ ಆರೋಗ್ಯವಂತ ಬೆನ್ನಿನಿಂದ ತೋಟದ ಅಜ್ಜಿಗೆ ಏನು ಉಪಯೋಗ?

1979ರಲ್ಲಿ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವಿದ್ಯಾರ್ಥಿಗಳಿಗೆ ಅಲ್ಪಾವಧಿ ಸಂಶೋಧನಾ ವೇತನ ಶುರು ಮಾಡಿತು. ಅದು ಎಂಬಿಬಿಎಸ್, ಬಿಡಿಎಸ್ ಮಕ್ಕಳಿಗೆ. ಅದೇ ವರ್ಷ ಅಮೆರಿಕದಲ್ಲಿ ಫಿಸಿಯೋಥೆರಪಿ ಸಂಶೋಧನೆಗೆ ಅಂತಲೇ ಒಂದು ಪ್ರತಿಷ್ಠಾನ ಹುಟ್ಟಿತು. ಪಿಎಚ್‌ಡಿ ಮಾಡುವ ಫಿಸಿಯೋಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೆ ದುಡ್ಡು ಕೂಡಿಸುವವರಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳೂ ಇದ್ದಾರೆ. ಅದಕ್ಕೂ ಮುಂಚೆ, ಪೋಲಿಯೋ ಕಾಲದಲ್ಲಿ, 1938ರಲ್ಲಿ ಶುರುವಾದ ಸಂಸ್ಥೆಗೆ ಅಮೆರಿಕದ ಸಾಮಾನ್ಯ ಜನ ಹತ್ತು ಸೆಂಟಿನ ನಾಣ್ಯ ಕಳಿಸುತ್ತಿದ್ದರು. ಸಾಲ್ಕ್ ಲಸಿಕೆಗೂ ಆ ದುಡ್ಡು ಹೋಯಿತು, ಫಿಸಿಯೋಗಳ ಓದಿಗೂ ಹೋಯಿತು. ಹಾಗಾಗಿ ಸಾವಿರ ರೂಪಾಯಿ ಕೊಡುವವರು "ಇಷ್ಟೇನಾ" ಅಂತ ಸಂಕೋಚ ಪಡಬೇಡಿ.

ಓದಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ನಾವು ಓದಿದ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ನಾಲ್ಕೂವರೆ ವರ್ಷದ್ದು, ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಸಾಲ ಮಾಡಿ ಓದಿದ ಮಗು ಮುಗಿದ ತಕ್ಷಣ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತದೆ. ಕಂತು ಕಟ್ಟಬೇಕಲ್ಲ, ತಪ್ಪಂತೂ ಅಲ್ಲ. ಸಾಲ ಇಲ್ಲದೆ ಓದಿದವರು ಅರಕಲಗೂಡಲ್ಲೋ ಆಲೂರಲ್ಲೋ ಕ್ಲಿನಿಕ್ ಇಡುವ ಬಗ್ಗೆ ಯೋಚಿಸಬಹುದು. 2021ರಲ್ಲಿ ನಮ್ಮ ವೃತ್ತಿಗೆ ರಾಷ್ಟ್ರೀಯ ಆಯೋಗದ ಕಾನೂನು ಬಂತು. ಒಳ್ಳೆಯದೇ ಆಯಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಫೀಸು ಕಟ್ಟಿದ ಹಾಗಾಗುವುದಿಲ್ಲ.

ತೋಟದ ಮಾಲೀಕರಲ್ಲಿ ನಾವು ಮೊದಲು ಕೇಳುವುದು ಚೆಕ್ ಅಲ್ಲ. ಕೊಯ್ಲು ಶುರುವಾಗುವ ಮುಂಚೆ ಒಂದು ಅರ್ಧ ದಿನ, ಮುಗಿದ ಮೇಲೆ ಒಂದು ಅರ್ಧ ದಿನ, ಕೂಲಿ ಹಿಡಿಯದೆ ಆಳುಗಳನ್ನು ನಮ್ಮ ಹತ್ತಿರ ಕಳಿಸಿ. ಒಪ್ಪಿಗೆ ಇದ್ದವರು ಮಾತ್ರ ಬರಲಿ, ಬೇಡ ಅಂದವರನ್ನು ಬಲವಂತ ಮಾಡಬೇಡಿ. ಅವರು ಒಪ್ಪಿದರೆ ರೈಟರ ಪುಸ್ತಕದ ಕೆಜಿ ಲೆಕ್ಕ ನೋಡಲು ಬಿಡಿ, ಹೆಸರು ಎಲ್ಲೂ ಬರೆಯುವುದಿಲ್ಲ. ದುಡ್ಡು ಕೊಡುವುದಾದರೆ ರಸೀದಿ ಕೊಡುತ್ತೇವೆ, ವರ್ಷದ ಕೊನೆಗೆ ಖರ್ಚಿನ ಲೆಕ್ಕವನ್ನೂ ಕಳಿಸುತ್ತೇವೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ, ಅದಕ್ಕೆ ಅಕ್ಟೋಬರ್ ಒಳಗೆ ತಿಳಿಸಿದರೆ ಅನುಕೂಲ.