ಕವಲೇದುರ್ಗದ ಎರಡನೇ ಬಾಗಿಲಲ್ಲಿ ಒಂದು ಗಂಟೆ

ಆಗುಂಬೆಯಲ್ಲಿ ಎರಡು ದಿನ ಇದ್ದೆವು. ಮಳೆ ಬಿಟ್ಟರೆ ಬರೆಯುವಂಥದ್ದು ಏನಿಲ್ಲ. ಉಳಿದುಕೊಂಡ ಮನೆಯ 'ಮಲೆನಾಡ ಊಟ'ದಲ್ಲಿ ಗೋಬಿ ಮಂಚೂರಿ ಇತ್ತು, ಅಷ್ಟು ಹೇಳಿದರೆ ಸಾಕು ಅಲ್ವಾ?

ಮೂರನೇ ದಿನ ಕವಲೇದುರ್ಗ. ಜೊತೆಗೆ ಬಂದವರು ಗೆಳೆಯನ ಸೋದರಮಾವ. ತೀರ್ಥಹಳ್ಳಿ ಕಡೆಯವರು. ಸೇನೆಯ ಫಿರಂಗಿ ದಳದಲ್ಲಿ ಹವಾಲ್ದಾರ್ ಆಗಿದ್ದರು, 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದರು. ಈಗ ಅಡಿಕೆ ತೋಟ.

ಗದ್ದೆ ಅಂಚು ದಾಟುವಷ್ಟರಲ್ಲಿ ಉಂಬಳ, ಅಂದರೆ ಜಿಗಣೆ, ಹತ್ತಿದವು. ಪೇಟೆಯ ಅಂಗಡಿಯವನೊಬ್ಬ 'ಒಂದೂ ಹತ್ತಲ್ಲ ಸಾರ್' ಎಂದು 450 ರೂಪಾಯಿಗೆ ಕಾಲುಚೀಲ ಮಾರಿದ್ದ. ಬಿಚ್ಚಿದರೆ ಒಳಗೇ ಐದು! ಆ ದುಡ್ಡು ಉಳಿಸಿಕೊಳ್ಳಿ. ಉಪ್ಪು, ಹೊಗೆಸೊಪ್ಪಿನ ಪುಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ಯಿರಿ. ಮಾವನ ಹತ್ತಿರ ಇದ್ದದ್ದು ಅದೇ.

ಕೆಳದಿ ನಾಯಕರ ಕೋಟೆ ಇದು, ಒಂದರೊಳಗೊಂದು ಮೂರು ಸುತ್ತು. ಎರಡನೇ ಬಾಗಿಲಿಗೆ ಏರುವಾಗ ಏದುಸಿರು ಬಂದು ಕೂತುಬಿಟ್ಟೆ. ಮಾವ ಗೋಡೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು.

"ಇಲ್ಲಿಂದ ನಿನ್ನ ತಲೆ ಎಷ್ಟು ಚೆಂದ ಕಾಣ್ತದೆ ಮಾರಾಯ! ಗುಂಡು ಯಾಕೆ, ಒಂದು ಕಲ್ಲು ಉರುಳಿಸಿದರೆ ಸಾಕು."

ಮಾತು ಅಲ್ಲಿಂದ ಕಾರ್ಗಿಲ್‌ಗೆ ಹೊರಳಿತು. ನಾವು ಅಲ್ಲೇ ನಿಂತೆವು.

ದ್ರಾಸ್ ಪಕ್ಕದ ತೋಲೋಲಿಂಗ್ ಗುಡ್ಡ ಸುಮಾರು 15,000 ಅಡಿ ಎತ್ತರ. ಅದರ ಬುಡದಲ್ಲೇ ಶ್ರೀನಗರ–ಲೇಹ್ ರಸ್ತೆ. ಮೇಲೆ ಕೂತವನು ಲಾರಿಗಳನ್ನು ಎಣಿಸಬಹುದು, ತೋಪಿಗೆ ಗುರಿ ಹೇಳಬಹುದು. ಚಳಿಗಾಲದಲ್ಲಿ ಎರಡೂ ಕಡೆಯವರು ಕೆಲವು ಠಾಣೆ ಬಿಟ್ಟು ಇಳಿಯುವುದು ರೂಢಿಯಾಗಿತ್ತು. ಆ ಸಲ ಪಾಕಿಸ್ತಾನದವರು ಮೊದಲೇ ಬಂದು ಕೂತರು.

"ಹಿಂದಿನಿಂದ ಹೋಗಿ ಅವರ ದಾರಿ ಕಟ್ಟಬಹುದಿತ್ತಲ್ಲ ಮಾವ?"

"ಗಡಿಯ ನಿಯಂತ್ರಣ ರೇಖೆ ದಾಟಬಾರದು ಅಂತ ಆಜ್ಞೆ. ವಿಮಾನಕ್ಕೂ ಅದೇ. ಮತ್ತೆಂತ ಮಾಡೋದು? ಎದುರಿಂದಲೇ ಹತ್ತಬೇಕು. ಮರ ಇಲ್ಲ, ಪೊದೆ ಇಲ್ಲ. ರಾತ್ರಿಯೇ ಮರೆ."

ಬಯಲಲ್ಲಿ ಒಬ್ಬ ಕಾಯುವಲ್ಲಿಗೆ ಮೂವರು ನುಗ್ಗಬೇಕು ಅನ್ನುವುದು ಸೇನೆಯ ಹಳೇ ಲೆಕ್ಕ. ಗುಡ್ಡದಲ್ಲಿ ಅದು ಆರು, ಒಂಬತ್ತಕ್ಕೆ ಏರುತ್ತದಂತೆ. ಮೂರು ವಾರ ಹೆಣಗಿದ ಮೇಲೆ ಜೂನ್ 13ಕ್ಕೆ ರಜಪೂತಾನಾ ರೈಫಲ್ಸ್‌ನ 2ನೇ ಪಡೆ ತೋಲೋಲಿಂಗ್ ಹಿಡಿಯಿತು. ಅದೇ ಕಡೆಯ ಟೈಗರ್ ಹಿಲ್ ಶಿಖರದಲ್ಲಿ ಒಂದು ತುಕಡಿ ಹಗ್ಗ ಹಿಡಿದು ಕಡಿದಾದ ಬಂಡೆಯನ್ನೇ ಏರಿತು. ಅಲ್ಲಿಂದ ಯಾರೂ ಬರಲಾರರು ಅಂತ ಮೇಲಿನವರು ನೆಚ್ಚಿಕೊಂಡಿದ್ದ ಕಡೆ ಅದು.

ಬೊಫೋರ್ಸ್ ತೋಪಿನ ಬಗ್ಗೆ ಕೇಳಿದ್ದೇ ಮಾವನ ಮುಖ ಅರಳಿತು. ತೋಪನ್ನು ಸಾಮಾನ್ಯವಾಗಿ ಹಿಂದೆ ಮರೆಯಲ್ಲಿಟ್ಟು ಹೊಡೆಯುತ್ತಾರೆ. ಅಲ್ಲಿ ಕೆಲವನ್ನು ಮುಂದಕ್ಕೆ ಎಳೆದು, ಶಿಖರ ಕಣ್ಣಿಗೆ ಕಾಣುವ ಹಾಗೆ ಇಟ್ಟು ನೇರ ಹೊಡೆದರು. ತೆಳು ಗಾಳಿಯಲ್ಲಿ ಗುಂಡು ಜಾಸ್ತಿ ದೂರ ಹೋಗುತ್ತದೆ. ಕೆಳಗಿನ ಲೆಕ್ಕ ಅಲ್ಲಿ ನಡೆಯದು.

"ನಮ್ಮ ಹುಡುಗರು ತುದಿ ಹತ್ತಿರ ಹೋದ ಮೇಲೆ ನಾವು ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಮೇಲಿನವನು ತಲೆ ಎತ್ತುತ್ತಾನೆ. ತಡ ಮಾಡಿದರೆ..." ಅಡಿಕೆ ಬಾಯಿಗೆ ಹಾಕಿಕೊಂಡರು. ನಾನು ಮುಂದೆ ಕೇಳಲಿಲ್ಲ.

ತುದಿಯಲ್ಲಿ ಮಂಜು ಸರಿದು ಹಿನ್ನೀರು ಕಂಡಿತು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಮಾವ ಕೆಳಗೆ ರಸ್ತೆಯಲ್ಲಿ ಹರಿಯುತ್ತಿದ್ದ ಜೀಪ್ ತೋರಿಸಿದರು.

"ಎಷ್ಟು ದೂರ ಇದೆ ಹೇಳು?"

"ಎರಡು ಕಿಲೋಮೀಟರ್?"

ತಲೆ ಅಲ್ಲಾಡಿಸಿದರು. ಜೀಪ್ ತಿರುವಿನಲ್ಲಿ ಮರೆಯಾಗುವ ತನಕ ಅದನ್ನೇ ನೋಡುತ್ತಿದ್ದರು.