ಅವ್ವ ಚರಗ ಚೆಲ್ಲಿದ ದಿನ ನಾನು ವಹಾಕಾದ ಗುಡ್ಡದಲ್ಲಿದ್ದೆ

ಅವ್ವನ ಫೋನ್ ಬಂದಾಗ ನಾನು ಮೆಕ್ಸಿಕೋದ ವಹಾಕಾ ರಾಜ್ಯದ ಮಿಯಾವಾತ್ಲಾನ್ ಪೇಟೆಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಇಲ್ಲಿ ಬೆಳಿಗ್ಗೆ ಏಳೂವರೆ, ಮುಧೋಳದಲ್ಲಿ ಸಂಜೆ ಏಳು. 2024ರ ಡಿಸೆಂಬರ್ 30, ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಭೂತಾಯಿಗೆ ಮನೆಯ ಅಡುಗೆ ಚೆಲ್ಲಿ ಆಮೇಲೆ ಉಣ್ಣುವ ದಿನ, ಅದೇ ಚರಗ. "ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದ್ವಿ ನೋಡಪಾ. ನೀ ಏನ್ ಉಂಡಿ?" ಅಂದಳು. ಸಜ್ಜಿ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಅಂತ ಒಂದೊಂದೇ ಹೇಳುತ್ತಾ ಹೋದಳು. ನಾನು ಇವತ್ತು ಎಲ್ಲಿಗೆ ಹೊರಟಿದ್ದೇನೆ ಅಂತ ಅವಳಿಗೆ ಹೇಳಲಿಲ್ಲ. ಬಟ್ಟಿ ಸೆರೆ ಇಳಿಸುವ ಜಾಗಕ್ಕೆ ಹೊರಟಿದ್ದೇನೆ ಅಂತ ನಮ್ಮ ಮನೆಯಲ್ಲಿ ಹೇಗೆ ಹೇಳುವುದು?

ಕೆಲಸದ ಮೇಲೆ ಇದೇ ದೇಶದ ಗ್ವಾಡಲಹಾರಾ ನಗರಕ್ಕೆ ಬಂದು ಆಗ ಎರಡು ವರ್ಷ ಆಗಿತ್ತು. ನಾನು ಕುಡಿಯುವವನಲ್ಲ. ಆದರೆ ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಾಯಿಯ ಊರು ವಹಾಕಾ ರಾಜ್ಯದ ಈ ಭಾಗದಲ್ಲಿದೆ, ಅವನ ಸೋದರಮಾವ ಮೆಸ್ಕಾಲ್ ಅನ್ನೋ ಕತ್ತಾಳೆಯ ಸೆರೆ ಬಟ್ಟಿ ಇಳಿಸುವವರು. ಒಂದು ದಿನ ಊಟಕ್ಕೆ ಕುಳಿತಾಗ ನಮ್ಮ ಹೊಲದ ಬದುವಿನ ಕತ್ತಾಳೆ ಬಗ್ಗೆ ಹೇಳಿದ್ದೆ. ಮುತ್ಯಾ ಅದರ ಎಲೆಯನ್ನು ಹಳ್ಳದಲ್ಲಿ ನೆನೆಹಾಕಿ ಕೊಳೆಸಿ, ನಾರು ತೆಗೆದು, ಎತ್ತಿಗೆ ಕಣ್ಣಿ ಹೊಸೆಯುತ್ತಿದ್ದರು. ನಾವು ಹುಡುಗರು ಅದೇ ಗಿಡದ ಮುಳ್ಳಿನಿಂದ ಅದರ ಎಲೆಯ ಮೇಲೆ ಹೆಸರು ಗೀಚುತ್ತಿದ್ದೆವು. ಗೆಳೆಯ ಊಟ ಬಿಟ್ಟು ನನ್ನ ಮುಖ ನೋಡಿದ. "ಆ ಗಿಡ ನಮ್ಮದು ಕಣೋ. ಇಲ್ಲಿಂದಲೇ ನಿಮ್ಮ ಕಡೆ ಬಂದಿದ್ದು. ರಜೆಗೆ ನನ್ನ ಜೊತೆ ಬಾ" ಅಂದ. ಹಾಗೆ ಬಂದೆ.

ಮಾವನವರಿಗೆ ಐವತ್ತೆಂಟು. ಊರವರೆಲ್ಲ ಅವರನ್ನು ದೋನ್ ಅಂತಲೇ ಮಾತಾಡಿಸುತ್ತಾರೆ, ನಮ್ಮ ಕಡೆ ಗೌಡ್ರೇ ಅಂದ ಹಾಗೆ. ನಾನು ಕೈ ಮುಗಿದೆ, ಅವರು ಕೈ ಕುಲುಕಿದರು. ಅವರ ಮೊಣಕೈವರೆಗೂ ಕೆಂಪು ಗಂದೆ ಎದ್ದಿತ್ತು. ಅದೇನು ಅಂತ ಕೇಳಬೇಕಾಗಲಿಲ್ಲ. ಹಸಿ ಕತ್ತಾಳೆಯ ರಸ ತಾಗಿದರೆ ಎಂಥ ಕಡಿತ ಅಂತ ನನಗೆ ಗೊತ್ತು. ಮುತ್ಯಾನ ಕೈಗೂ ಹೀಗೇ ಆಗುತ್ತಿತ್ತು, ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಮೆಸ್ಕಾಲ್‌ನಲ್ಲಿ ಹೆಚ್ಚಿನದು ಎಸ್ಪಡೀನ್ ಅನ್ನೋ ಕತ್ತಾಳೆಯದ್ದು. ಅದನ್ನು ಸಾಲು ಹಿಡಿದು ಬೆಳೆಯುತ್ತಾರೆ, ಆರರಿಂದ ಎಂಟು ವರ್ಷಕ್ಕೆ ಕಟಾವಿಗೆ ಬರುತ್ತದೆ. ನಾವು ಅವತ್ತು ನೋಡಲು ಹೊರಟಿದ್ದು ಅದನ್ನಲ್ಲ. ತೆಪೆಸ್ತಾತೆ ಅಂತ ಇನ್ನೊಂದು ಇದೆ. ಗುಡ್ಡದ ಕಡಿದಾದ ಕಲ್ಲಿನ ಸಂದಿಯಲ್ಲಿ ತಾನಾಗಿಯೇ ಹುಟ್ಟುತ್ತದೆ, ಬಲಿಯಲು 20ರಿಂದ 25 ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಎಸ್ಪಡೀನ್ ಬುಡದಲ್ಲಿ ಬಾಳೆಯ ಹಾಗೆ ಮರಿ ಏಳುತ್ತವೆ, ಕಿತ್ತು ನೆಟ್ಟರೆ ಆಯಿತು. ತೆಪೆಸ್ತಾತೆ ಬಹುತೇಕ ಬೀಜದಿಂದಲೇ ಬರಬೇಕು. ಬೀಜ ಬೇಕು ಅಂದರೆ ಹೂ ಬಿಡಬೇಕು. ಅದು ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬಿಟ್ಟ ಮೇಲೆ ಸಾಯುತ್ತದೆ.

ಒಂದೂವರೆ ತಾಸು ಹತ್ತಿದೆವು. ಮುಂದೆ ಕತ್ತೆ, ಅದರ ಹಿಂದೆ ಮಾವ, ಆಮೇಲೆ ನಾವು. ಒಂದು ತಿರುವಿನಲ್ಲಿ ಅವರು ನಿಂತು ಬಂಡೆಯ ಕಡೆ ಕೈ ತೋರಿಸಿದರು. ನಮ್ಮ ಕತ್ತಾಳೆಯ ಎಲೆ ಕತ್ತಿಯ ಹಾಗೆ ನೆಟ್ಟಗೆ ಇರುತ್ತದೆ ಅಲ್ವಾ, ಇದರದ್ದು ಹಾಗಲ್ಲ. ಅಗಲ ಎಲೆ, ಒಂದೊಂದು ಒಂದೊಂದು ಕಡೆ ತಿರುಚಿಕೊಂಡು, ಅಂಚೆಲ್ಲ ಅಲೆ ಅಲೆ. ಬೂದಿ ಹಸಿರು ಬಣ್ಣ. ಬೇರು ಕಲ್ಲನ್ನೇ ಹಿಡಿದುಕೊಂಡಿತ್ತು. ಒಂದು ಎಲೆಯ ಮೇಲೆ ಎರಡು ಗೆರೆ, ಒಂದು ಸೊನ್ನೆ ಕೊರೆದಿತ್ತು. ಅದು ಅವರ ಮನೆಯ ಗುರುತು. ನಾಲ್ಕು ವರ್ಷದ ಹಿಂದೆ ಗೀಚಿದ್ದಂತೆ. ಬೆರಳಿಟ್ಟು ನೋಡಿದೆ, ಗಾಯ ಒಣಗಿ ಕಂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ಥೇಟ್ ನಮ್ಮ ಬದುವಿನ ಎಲೆಗಳ ಮೇಲಿದ್ದ ನಮ್ಮ ಹೆಸರುಗಳ ಹಾಗೆ.

"ಇದಕ್ಕೆ ಎಷ್ಟು ವರ್ಷ?" ಅಂತ ಕೇಳಿದೆ. ಅವರು ಲೆಕ್ಕ ಹೇಳಲಿಲ್ಲ. ಕೈಯಲ್ಲಿ ಒಂದು ಗೇಣು ತೋರಿಸಿ, "ನನ್ನ ದೊಡ್ಡ ಮಗ ಹುಟ್ಟಿದಾಗ ಇದು ಇಷ್ಟಿತ್ತು" ಅಂದರು. ಮಗನಿಗೆ ಈಗ ಇಪ್ಪತ್ತನಾಲ್ಕು.

ಹೂವಿನ ಕಾಂಡವನ್ನು ಅವರು ಹಿಂದಿನ ವರ್ಷವೇ ಮೊಳಕೆಯಲ್ಲೇ ಕಡಿದಿದ್ದರು. ಹಾಗೆ ಕಡಿದು ಗಿಡವನ್ನು ಬಿಟ್ಟರೆ, ಹೂವಿಗೆ ಹೋಗಬೇಕಾದ ಸಿಹಿಯೆಲ್ಲ ಬುಡದಲ್ಲೇ ಉಳಿಯುತ್ತದೆ. ಮಚ್ಚಿನಿಂದ ಎಲೆಗಳನ್ನು ಒಂದೊಂದಾಗಿ ಸವರಿದರು. ಹಾರೆ ಹಾಕಿ ಬುಡ ಮೀಟಿದರು. ನೋಡಲು ದೊಡ್ಡ ಗಡ್ಡೆಯ ಹಾಗೆ ಇರುತ್ತದೆ, ನಿಜವಾಗಿ ಅದು ಕಾಂಡ. ಇದೆಲ್ಲಕ್ಕೂ ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಪ್ಪತ್ತನಾಲ್ಕು ವರ್ಷ ನಿಂತಿದ್ದು ಅರ್ಧ ಗಂಟೆಯಲ್ಲಿ ಕತ್ತೆಯ ಬೆನ್ನ ಮೇಲಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಮಾವ ಟೋಪಿ ತೆಗೆದು, ಗಿಡ ಇದ್ದ ಗುಂಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತರು.

ಇಳಿಯುವಾಗ ಇನ್ನೊಂದು ತೆಪೆಸ್ತಾತೆ ಕಂಡಿತು. ಅದರ ನಡುವಿನಿಂದ ನಮ್ಮ ಮೂರು ಆಳಿನಷ್ಟು ಎತ್ತರಕ್ಕೆ ಕಾಂಡ ಎದ್ದಿತ್ತು. ಇದನ್ನು ಯಾಕೆ ಕಡಿದಿಲ್ಲ ಅಂದೆ. "ಇದು ಬಾವಲಿಗಳಿಗೆ" ಅಂದರು. ರಾತ್ರಿ ಹೊತ್ತು ಕತ್ತಾಳೆ ಹೂವಿನ ಮಕರಂದ ಕುಡಿಯಲು ಉದ್ದ ಮೂತಿಯ ಬಾವಲಿಗಳು ಬರುತ್ತವೆ, ಪರಾಗ ಸಾಗಿಸುವುದೂ ಅವೇ. ಎಲ್ಲ ಗಿಡವನ್ನೂ ಹೂ ಬಿಡುವ ಮೊದಲೇ ಕಡಿದರೆ ಬಾವಲಿಗೆ ಊಟವಿಲ್ಲ, ಗುಡ್ಡಕ್ಕೆ ಬೀಜವಿಲ್ಲ. ಈಗ ಕಾಡು ಕತ್ತಾಳೆಯ ಮೆಸ್ಕಾಲ್‌ಗೆ ಹೊರದೇಶಗಳಲ್ಲಿ ಭಾರಿ ಬೇಡಿಕೆ. ಲಾರಿ ತಂದು ರಾತ್ರೋರಾತ್ರಿ ಎಳೆಯ ಗಿಡಗಳನ್ನೂ ಕಿತ್ತುಕೊಂಡು ಹೋಗುವವರಿದ್ದಾರೆ ಅಂತ ಹೇಳುವಾಗ ಅವರ ದನಿ ಗಡುಸಾಯಿತು. ಅದಕ್ಕೇ ಎಲೆಯ ಮೇಲೆ ಗುರುತು.

ಬಟ್ಟಿ ಇಳಿಸುವ ಜಾಗಕ್ಕೆ ಅಲ್ಲಿ ಪಲೆಂಕೆ ಅನ್ನುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ನಮ್ಮೂರ ಬೆಲ್ಲದ ಗಾಣದ ನೆನಪಾಯಿತು. ತಗಡಿನ ಮಾಡು, ಒಲೆಯ ಹೊಗೆ, ಸಿಪ್ಪೆಯ ರಾಶಿ, ಸಿಹಿ ವಾಸನೆಗೆ ಮುತ್ತಿದ ಜೇನುನೊಣ. ನೆಲದಲ್ಲಿ ದೊಡ್ಡ ಗುಂಡಿ, ಅದರಲ್ಲಿ ಕಟ್ಟಿಗೆ ಉರಿಸಿ ಕಲ್ಲುಗಳನ್ನು ಕೆಂಪಗೆ ಕಾಯಿಸುತ್ತಾರೆ. ಅದರ ಮೇಲೆ ಕತ್ತಾಳೆ ಒಟ್ಟಿ, ಸಿಪ್ಪೆ ಹೊದಿಸಿ, ಮಣ್ಣು ಮುಚ್ಚಿ ಮೂರರಿಂದ ಐದು ದಿನ ಬಿಡುತ್ತಾರೆ. ಮೆಸ್ಕಾಲ್‌ನ ಹೊಗೆ ವಾಸನೆ ಬರುವುದು ಇಲ್ಲಿಂದ. ಆ ಹೆಸರೇ ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಬೇಯಿಸಿದ ಕತ್ತಾಳೆ ಅಂತ. ಬೆಂದ ಒಂದು ತುಂಡು ಕೈಗೆ ಕೊಟ್ಟರು. ಕಬ್ಬಿನ ಹಾಗೆ ಅಗಿದು, ರಸ ನುಂಗಿ, ನಾರು ಉಗುಳಬೇಕು. ಸುಟ್ಟ ಗೆಣಸು ಮತ್ತು ಜೋನಿ ಬೆಲ್ಲ ಕಲಸಿದ ರುಚಿ. ನಾನು ಮೂರು ತುಂಡು ತಿಂದೆ.

ಪಕ್ಕದಲ್ಲಿ ಕುದುರೆ ದೊಡ್ಡ ಕಲ್ಲಿನ ಚಕ್ರವನ್ನು ಸುತ್ತಿಸುತ್ತಿತ್ತು, ನಮ್ಮ ಎತ್ತಿನ ಗಾಣವೇ. ಜಜ್ಜಿದ್ದನ್ನು ಮರದ ತೊಟ್ಟಿಗೆ ತುಂಬಿ ನೀರು ಹಾಕಿ ಬಿಡುತ್ತಾರೆ. ಹೊರಗಿನಿಂದ ಯಾವ ಹುಳಿಯನ್ನೂ ಹಾಕುವುದಿಲ್ಲ, ಗಾಳಿಯಲ್ಲಿರುವುದೇ ಸಾಕು. ತೊಟ್ಟಿಗೆ ಕಿವಿ ಇಟ್ಟರೆ ಚಿಟಿಚಿಟಿ ಸದ್ದು. ಆಮೇಲೆ ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ. 2016ರ ಸರ್ಕಾರಿ ನಿಯಮದಲ್ಲಿ ಮೆಸ್ಕಾಲ್‌ಗೆ ಮೂರು ದರ್ಜೆ ಇದೆ, ಹೀಗೆ ಮಾಡಿದ್ದಕ್ಕೆ ಆರ್ತೆಸನಾಲ್ ಅಂತ ಹೆಸರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ. ಎಷ್ಟು ಗಟ್ಟಿ ಬಂದಿದೆ ಅಂತ ನೋಡಲು ಅವರು ಯಂತ್ರ ತೆಗೆಯಲಿಲ್ಲ. ಒಂದು ಟೊಳ್ಳು ಜೊಂಡಿನ ಕೊಳವೆ ತೆಗೆದುಕೊಂಡು ಬಾಯಿಂದ ಎಳೆದು, ಒಣಗಿದ ಕಾಯಿಯ ಬುರುಡೆ ಬಟ್ಟಲಿಗೆ ಮೇಲಿನಿಂದ ಬಿಟ್ಟರು. ಮೇಲೆ ಮುತ್ತಿನಂಥ ಗುಳ್ಳೆಗಳು ಎದ್ದು ಅಂಚಿಗೆ ಸಾಲು ಕಟ್ಟಿ ನಿಂತವು. ನಿಂತರೆ ಸರಿ ಇದೆ ಅಂತ ಅರ್ಥ. ಬೇಗ ಒಡೆದರೆ ನೀರಾಗಿದೆ, ಇಲ್ಲಾ ತೀರಾ ಖಾರವಾಗಿದೆ. ಅವರು ಉಸಿರು ಬಿಗಿಹಿಡಿದು ಆ ಗುಳ್ಳೆಗಳನ್ನೇ ನೋಡುತ್ತಿದ್ದರು. ಅವ್ವ ಪಾಕ ನೋಡುವಾಗ ಹೀಗೇ ನಿಲ್ಲುತ್ತಾಳೆ, ಆಗ ಯಾರೂ ಮಾತಾಡಿಸಬಾರದು.

ಹಿಂದಿನ ಸಲ ಇಳಿಸಿದ ತೆಪೆಸ್ತಾತೆಯನ್ನು ಸಣ್ಣ ಬುರುಡೆಯಲ್ಲಿ ಕೊಟ್ಟರು. ಕೊಡುವ ಮೊದಲು ತಮ್ಮ ಬುರುಡೆಯಿಂದ ನಾಲ್ಕು ಹನಿ ನೆಲಕ್ಕೆ ಚೆಲ್ಲಿದರು. "ಮೊದಲು ಭೂಮಿಗೆ" ಅಂದರು. ನನ್ನ ಕಣ್ಣು ತುಂಬಿ ಬಂತು. ಹನ್ನೆರಡು ತಾಸಿನ ಹಿಂದೆ ನಮ್ಮ ಹೊಲದಲ್ಲಿ ಅಪ್ಪ ಹುಲ್ಲುಲ್ಲಿಗೋ ಅನ್ನುತ್ತಾ ಮಾಡಿದ್ದು ಇದನ್ನೇ. ಗೆಳೆಯನಿಗೆ ಚರಗದ ಬಗ್ಗೆ ಹೇಳಿದೆ, ಅವನು ಮಾವನಿಗೆ ಹೇಳಿದ. ಅವರು ಏನೂ ಅನ್ನದೆ ಬಂದು ನನ್ನ ಭುಜ ಹಿಡಿದುಕೊಂಡರು. ನಾನೂ ನಾಲ್ಕು ಹನಿ ಚೆಲ್ಲಿದೆ. ಆಮೇಲೆ ತುಟಿಗೆ ಹಚ್ಚಿದೆ. ಮೊದಲು ಉರಿ. ಅದು ಇಳಿದ ಮೇಲೆ ಹಸಿ ಮೆಣಸಿನಕಾಯಿ ಮುರಿದಾಗಿನ ವಾಸನೆ, ಮಳೆ ಬಿದ್ದ ಕಲ್ಲಿನ ವಾಸನೆ. ಆ ಬಂಡೆ, ಆ ಬೂದಿ ಹಸಿರು ಎಲೆ ಎಲ್ಲ ಬಾಯಿಗೇ ಬಂದ ಹಾಗಿತ್ತು. ಎರಡು ಗುಟುಕು ಸಾಕಾಯಿತು.

ಹೊರಡುವಾಗ ಒಂದು ಬಾಟಲಿ ಕೊಳ್ಳೋಣ ಅಂತ ಅನಿಸಿತು. ತೆಪೆಸ್ತಾತೆ ಲೀಟರಿಗೆ 1,200 ಪೆಸೊ, ಎಸ್ಪಡೀನ್ 400. ನನ್ನ ಬಾಯಿಂದ ಅಭ್ಯಾಸಬಲದಿಂದ "ಸ್ವಲ್ಪ ಕಡಿಮೆ ಮಾಡಿ" ಅನ್ನುವ ಮಾತು ಬರುವುದರಲ್ಲಿತ್ತು. ಬೆಳಿಗ್ಗೆ ನೋಡಿದ ಗುಂಡಿ ನೆನಪಾಗಿ ನುಂಗಿಕೊಂಡೆ. ಇಪ್ಪತ್ತನಾಲ್ಕು ವರ್ಷಕ್ಕೆ ಯಾವ ಬೆಲೆ ಜಾಸ್ತಿ? ಆದರೆ ಕೊಳ್ಳಲೂ ಮನಸ್ಸಾಗಲಿಲ್ಲ. ಕುಡಿಯದ ನಾನು ಶೋಕೇಸಿನಲ್ಲಿಡಲು ಅದನ್ನು ತಂದರೆ, ಆ ಲಾರಿಯವರಿಗೆ ದುಡ್ಡು ಕೊಡುವವರಿಗೂ ನನಗೂ ಏನು ವ್ಯತ್ಯಾಸ ಅನಿಸಿತು. ಗೆಳೆಯರಿಗೆ ಅಂತ ಎಸ್ಪಡೀನ್ ತಗೊಂಡೆ. ಮಾವ ಖುಷಿಯಾದರು. "ನಾವು ದಿನಾ ಕುಡಿಯೋದು ಇದನ್ನೇ. ಅದು ಮದುವೆಗೆ, ಸಾವಿಗೆ" ಅಂದರು.

ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋದರು. ಹಳೇ ಎಣ್ಣೆ ಡಬ್ಬಿ, ಪ್ಲಾಸ್ಟಿಕ್ ಚೀಲಗಳಲ್ಲಿ ನೂರಾರು ಸಸಿ. ಬಾವಲಿಗೆ ಬಿಟ್ಟ ಗಿಡಗಳಿಂದ ಬೀಜ ತಂದು ಮಾಡಿದ ತೆಪೆಸ್ತಾತೆ. ಎರಡು ವರ್ಷದವು ಅಂತೆ, ನನ್ನ ಹೆಬ್ಬೆರಳಿನಷ್ಟಿವೆ. ಮಳೆ ಬಿದ್ದ ಮೇಲೆ ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ನೆಡುತ್ತಾರೆ. ಅವು ಬಲಿಯುವಾಗ ಅವರಿಗೆ ಎಂಬತ್ತರ ಆಸುಪಾಸು ಆಗಿರುತ್ತದೆ. ಅವರ ಮೊಮ್ಮಗಳು, ನಾಲ್ಕೈದು ವರ್ಷದವಳು, ತಳಕ್ಕೆ ಮೊಳೆಯಿಂದ ತೂತು ಮಾಡಿದ ಡಬ್ಬಿಯಲ್ಲಿ ಅವಕ್ಕೆ ನೀರು ಹಾಕುತ್ತಿದ್ದಳು. ಒಂದು ಸಾಲಿನ ಮುಂದೆ ನಿಂತು, "ಇವು ನನ್ನವು" ಅಂತ ನನಗೆ ಎಣಿಸಿ ತೋರಿಸಿದಳು. ಹನ್ನೊಂದರ ಮೇಲೆ ಅವಳಿಗೆ ಬರಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದಳು.

ರಾತ್ರಿ ಬಸ್ಸಿನಿಂದ ಅಪ್ಪನಿಗೆ ಫೋನ್ ಮಾಡಿ ಬದುವಿನ ಕತ್ತಾಳೆ ಎಷ್ಟು ಉಳಿದಿವೆ ಅಂತ ಕೇಳಿದೆ. ತಂತಿ ಬೇಲಿ ಹಾಕುವಾಗ ಜೆಸಿಬಿ ತರಿಸಿ ಕೀಳಿಸಿದ್ದು ನೆನಪಿತ್ತು. "ಹಳ್ಳದ ಕಡೀಗೆ ಎರಡು ಅದಾವ. ಯಾಕಪಾ?" ಅಂದರು. ಅವನ್ನು ಹಾಗೇ ಬಿಡ್ರಿ ಅಂದೆ.