ಚಾವಣಿ ಬದಲಾಯಿಸಿದ ಮೇಲೆ ಬಂದ ಫೋನು

2024ರ ಏಪ್ರಿಲ್ ಕೊನೆಯ ವಾರ. ಬೆಂಗಳೂರಲ್ಲಿ ತಾಪ 38 ಡಿಗ್ರಿ ದಾಟಿದ ದಿನಗಳು ಅವು. ಮಧ್ಯಾಹ್ನ ಎರಡು ಗಂಟೆಗೆ ಲಗ್ಗೆರೆಯಿಂದ ಫೋನ್ ಬಂತು. ಎರಡು ತಿಂಗಳ ಹಿಂದೆ ನಾನೇ ಆ ಮನೆಯ ಹಳೇ ಸಿಮೆಂಟ್ ಶೀಟ್ ತೆಗೆದು ತಗಡಿನ ಶೀಟ್ ಹಾಕಿಕೊಟ್ಟಿದ್ದೆ. ಮನೆಯಲ್ಲೇ ಟೈಲರಿಂಗ್ ಮಾಡುವ ಹೆಂಗಸು. "ಅಣ್ಣಾ, ಒಳಗೆ ಕೂರೋಕೇ ಆಗ್ತಿಲ್ಲ. ಹಳೇ ಶೀಟೇ ವಾಸಿ ಇತ್ತು" ಅಂದರು. ಬೈಯಲಿಲ್ಲ, ಜೋರಾಗಿ ಮಾತಾಡಲಿಲ್ಲ. ಅದಕ್ಕೇ ಆ ಮಾತು ಜಾಸ್ತಿ ನಾಟಿತು.

ತಕ್ಷಣ ಗಾಡಿ ತೆಗೆದು ಹೋದೆ. ಬಾಗಿಲಲ್ಲಿ ನಿಂತಾಗಲೇ ಒಲೆಯ ಮುಂದೆ ನಿಂತ ಹಾಗಾಯಿತು. ಅವರು ಒದ್ದೆ ಸೀರೆಯನ್ನು ಚಾವಣಿಯ ಪೈಪಿಗೆ ಕಟ್ಟಿ, ಅದರ ಕೆಳಗೆ ಮಿಷನ್ ಎಳೆದುಕೊಂಡಿದ್ದರು. ಸೀರೆ ಆಗಲೇ ಒಣಗಿ ಗರಿಗರಿ ಆಗಿತ್ತು. ಮಿಷನ್ನಿನ ಕಬ್ಬಿಣದ ಚಕ್ರ ಮುಟ್ಟಿದೆ, ಕೈ ಹಿಂದಕ್ಕೆ ತಗೊಂಡೆ. ಹೊಲಿಯೋಕೆ ಬಂದಿದ್ದ ಬ್ಲೌಸ್‌ಗಳಿಗೆ ಬೆವರು ತಾಗಬಾರದು ಅಂತ ಮೊಣಕೈ ಕೆಳಗೆ ಟವೆಲ್ ಹಾಸಿಕೊಂಡಿದ್ದರು. ಸ್ಟೂಲ್ ಹತ್ತಿ ಶೀಟಿನ ಕೆಳಮೈಗೆ ಬಿಸಿ ಅಳೆಯುವ ಮೀಟರ್ ಹಿಡಿದೆ. 62 ಡಿಗ್ರಿ ತೋರಿಸಿತು. ಹದಿನೈದು ನಿಮಿಷ ಅವರ ಪಕ್ಕ ಕೂತೆ. ಅಷ್ಟರಲ್ಲೇ ತಲೆ ಭಾರ ಆಯಿತು. ಅವರು ಅಲ್ಲಿ ದಿನಕ್ಕೆ ಎಂಟು ಗಂಟೆ ಕೂರುತ್ತಿದ್ದರು.

14 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಶೀಟ್ ಹೊರುವ ಹುಡುಗನಾಗಿ ಸೇರಿದ್ದು, ಈಗ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಶೆಡ್ ಇದೆ, ಐದು ಜನ ಕೆಲಸಗಾರರಿದ್ದಾರೆ. ಆವತ್ತಿನವರೆಗೂ ಸೋರಿದರೆ ಮಾತ್ರ ಕೆಲಸ ಕೆಟ್ಟಿತು ಅಂತ ನಾನು ಎಣಿಸುತ್ತಿದ್ದೆ. ಆ ಮನೆ ಒಂದು ಹನಿಯೂ ಸೋರುತ್ತಿರಲಿಲ್ಲ.

ತಪ್ಪಾದದ್ದು ಕೊಟೇಷನ್ ಬರೆದ ದಿನವೇ. ಅವರ ಚಾವಣಿ 320 ಚದರಡಿ. ಪಕ್ಕದ ತೆಂಗಿನ ಮರದಿಂದ ಕಾಯಿ ಬಿದ್ದು ಹಳೇ ಶೀಟ್ ಒಡೆದಿತ್ತು, ಟಾರ್ಪಾಲಿನಲ್ಲಿ ಒಂದು ಮಳೆಗಾಲ ಕಳೆದಿದ್ದರು. ನನ್ನ ಲೆಕ್ಕ ಹೀಗಿತ್ತು. ಶೀಟ್ ಚದರಡಿಗೆ 62 ರೂಪಾಯಿಯಂತೆ 19,840. ಹಳೇ ಮರದ ಗಳ ಗೆದ್ದಲು ತಿಂದಿದ್ದರಿಂದ ಹೊಸ ಚೌಕ ಪೈಪಿನ ಕಟ್ಟು 30,400. ಕೂಲಿ 9,600. ನೆತ್ತಿಯ ಕ್ಯಾಪು, ಅಂಚಿನ ಪಟ್ಟಿ, ಸ್ಕ್ರೂ, ಮಳೆನೀರು ಹರಿಯುವ ದೋಣಿ ಎಲ್ಲ ಸೇರಿ 8,000. ಕೊನೆಯ ಸಾಲಿನಲ್ಲಿ ಕಾವು ತಡೆಯೋಕೆ ಶೀಟಿನ ಕೆಳಗೆ ಹಾಸುವ ಹೊಳೆಯುವ ಹಾಳೆ, ಬಬಲ್ ಫಾಯಿಲ್, 5,760. "ಇದು ಬೇಕೇ ಬೇಕಾ?" ಅಂತ ಅವರು ಕೇಳಿದರು. "ಇಲ್ಲದಿದ್ದರೂ ನಡೆಯುತ್ತೆ" ಅಂದೆ. ಕೆಲಸ ಕೈತಪ್ಪಬಾರದು ಅನ್ನೋ ಆಸೆ ನನಗೆ, ಐದು ಸಾವಿರ ಉಳಿಯಲಿ ಅನ್ನೋ ಆಸೆ ಅವರಿಗೆ. ಆ ಸಾಲಿನ ಮೇಲೆ ನಾನೇ ಗೆರೆ ಎಳೆದೆ. ಬಣ್ಣ ಕೇಳಿದಾಗ ಅವರ ಮಗಳು ಕಡುನೀಲಿ ಆರಿಸಿದಳು. ಅದಕ್ಕೂ ಹೂಂ ಅಂದೆ.

ಸಿಮೆಂಟ್ ಶೀಟ್ ಸುಮಾರು 6 ಮಿಲಿಮೀಟರ್ ದಪ್ಪ. ಕಾಯೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತದೆ. ತಗಡು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಬಿಸಿಲು ಬಿದ್ದ ಕೆಲವೇ ನಿಮಿಷಕ್ಕೆ ಕೆಳಮೈ ಕೂಡ ಅಷ್ಟೇ ಕಾಯುತ್ತದೆ. ಕಾದ ಮೇಲೆ ಕೆಂಡದ ಹಾಗೆ ನೇರವಾಗಿ ಕೆಳಗಿದ್ದವರ ಮೇಲೆ ಕಾವು ಸುರಿಸುತ್ತದೆ. ಫ್ಯಾನ್ ಹಾಕಿದರೂ ತಂಪಾಗದೇ ಇರುವುದು ಇದಕ್ಕೇ. ಫಾಯಿಲಿನ ಹೊಳೆಯುವ ಮುಖ ಕೆಳಗಿದ್ದರೆ ಆ ಕಾವು ಬಹಳ ಕಡಿಮೆ ಇಳಿಯುತ್ತದೆ. ಹಾಗೇ ಡಿಸೆಂಬರ್ ಚಳಿಯಲ್ಲಿ ತಗಡಿನ ಕೆಳಮೈ ಬೆವರಿ ಬೆಳಗಿನ ಜಾವ ಹಾಸಿಗೆ ಮೇಲೆ ತೊಟ್ಟಿಕ್ಕುವುದೂ ತಪ್ಪುತ್ತದೆ. ಎಷ್ಟೋ ಜನ ಅದನ್ನು ಸೋರಿಕೆ ಅಂದುಕೊಂಡು ನನ್ನನ್ನು ಕರೆಸಿದ್ದಾರೆ. ತಗಡಿನ ಒಂದು ಒಳ್ಳೇ ಗುಣ ಅಂದರೆ ಸಂಜೆ ಬೇಗ ಆರುತ್ತದೆ. ರಾತ್ರಿ ಮಾತ್ರ ಮನೆಯಲ್ಲಿರುವವರಿಗೆ ಅದು ಸಾಕಾಗಬಹುದು. ಹಗಲೆಲ್ಲ ಮನೆಯಲ್ಲೇ ದುಡಿಯುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರು ಹಗಲಲ್ಲಿ ಎಲ್ಲಿ ಕೂರುತ್ತಾರೆ ಅಂತ ನಾನು ಕೇಳಿಯೇ ಇರಲಿಲ್ಲ.

ಸರಿಮಾಡೋಕೆ ನಾಲ್ಕು ದಿನ ಬೇಕಾಯಿತು. ಶೀಟ್ ಬಿಚ್ಚಿ ಫಾಯಿಲ್ ಹಾಸಿದರೆ ಸ್ಕ್ರೂ ತೂತುಗಳು ದೊಡ್ಡದಾಗುತ್ತವೆ. ಹಾಗಾಗಿ ಮೇಲೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಎರಡು ಕೋಟ್ ಹೊಡೆದೆವು. ಕೆಳಗೆ ಒಂದಡಿ ಜಾಗ ಬಿಟ್ಟು ಸೀಲಿಂಗ್ ಕಟ್ಟಿ, ಅದರ ಮೇಲೆ 50 ಮಿಲಿಮೀಟರಿನ ಗ್ಲಾಸ್‌ವೂಲ್, ಅಂದರೆ ಗಾಜಿನ ನಾರಿನ ಹಾಸು, ಹಾಸಿದೆವು. ಎರಡೂ ಬದಿಯ ಗೋಡೆಯಲ್ಲಿ, ಸೀಲಿಂಗಿಗಿಂತ ಮೇಲೆ, ಬಿಸಿ ಗಾಳಿ ಹೋಗೋಕೆ ಜಾಲರಿ ಇಟ್ಟೆವು. ಕೂಲಿ ನಾನು ತಗೊಳ್ಳಲಿಲ್ಲ. ಸಾಮಾನಿಗೇ 26,000 ಆಯಿತು. ಅದನ್ನು ಅವರು ಕಂತಿನಲ್ಲಿ ಕೊಟ್ಟರು, ನನಗೆ ಈಗಲೂ ಅದು ಬೇಜಾರು. ಗೆರೆ ಎಳೆದದ್ದು 5,760ರ ಸಾಲಿನ ಮೇಲೆ ಅಲ್ವಾ?

ಮೇ ಮೊದಲ ವಾರ ಅದೇ ಹೊತ್ತಿಗೆ ಮತ್ತೆ ಹೋಗಿ ಕೂತೆ. ಶೀಟಿನ ಕೆಳಮೈ 45 ಇತ್ತು, ಸೀಲಿಂಗಿನ ಕೆಳಮೈ 36. ಮಿಷನ್ ಅದರ ಹಳೇ ಜಾಗಕ್ಕೆ, ಕಿಟಕಿ ಪಕ್ಕಕ್ಕೆ ಬಂದಿತ್ತು. ಆ ತಿಂಗಳು ಜೋರು ಮಳೆ ಬಂದ ರಾತ್ರಿ ಅವರೇ ಫೋನ್ ಮಾಡಿ, ಮಳೆಯ ಸದ್ದಿನಲ್ಲೂ ಪಕ್ಕದಲ್ಲಿ ಮಾತಾಡಿದ್ದು ಕೇಳಿಸುತ್ತಿದೆ ಅಂದರು. ಸೀಲಿಂಗ್ ಇಲ್ಲದಿದ್ದಾಗ ಬಂದ ಮೊದಲ ಮಳೆಗೆ ತಗಡಿನ ಸದ್ದಿಗೆ ಮಗಳು ಕಿವಿ ಮುಚ್ಚಿಕೊಂಡು ಓದುತ್ತಿದ್ದಳಂತೆ.

ಮೇಲಿನ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಒಟ್ಟು ಖರ್ಚಿನಲ್ಲಿ ಶೀಟಿನ ಪಾಲು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಗಿರಾಕಿಗಳು ಚೌಕಾಸಿ ಮಾಡುವುದೆಲ್ಲ ಶೀಟಿನ ಮೇಲೆ. ಅಲ್ಲೇ ಮೋಸವೂ ನಡೆಯುತ್ತದೆ. 0.50 ಮಿಲಿಮೀಟರ್ ಶೀಟ್ ಅಂತ ಮಾರುವಾಗ ಅದು ಬಣ್ಣ, ಲೇಪನ ಎಲ್ಲ ಸೇರಿದ ದಪ್ಪ, ಅದಕ್ಕೆ ಟಿ.ಸಿ.ಟಿ. ಅನ್ನುತ್ತಾರೆ. ಬಣ್ಣ, ಲೇಪನ ಕಳೆದರೆ ಒಳಗಿನ ಉಕ್ಕು ಸುಮಾರು 0.43. ಇದನ್ನು ಬಿ.ಎಂ.ಟಿ. ಅನ್ನುತ್ತಾರೆ. ಇಬ್ಬರು ಬೇರೆ ಬೇರೆ ದರ ಕೊಟ್ಟರೆ ಇಬ್ಬರೂ ಒಂದೇ ಅಳತೆ ಹೇಳುತ್ತಿದ್ದಾರಾ ಅಂತ ಮೊದಲು ಕೇಳಿ. ಲೇಪನ ಯಾವುದು ಅಂತಲೂ ಕೇಳಿ. ಗಾಲ್ವಾಲ್ಯೂಮ್ ಅಂದರೆ 55 ಭಾಗ ಅಲ್ಯೂಮಿನಿಯಂ, ಉಳಿದದ್ದು ಸತು, ಸ್ವಲ್ಪ ಸಿಲಿಕಾನ್. ಎ.ಜೆಡ್. 150 ಅಂತ ಬರೆದಿದ್ದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪನ. ಬರೀ "ಒಳ್ಳೇ ಶೀಟು ಸಾರ್" ಅನ್ನುವವರ ಹತ್ತಿರ ಬಿಲ್ಲಿನಲ್ಲಿ ಇದನ್ನು ಬರೆಸಿಕೊಳ್ಳಿ.

ಸ್ಕ್ರೂ ಬಗ್ಗೆ ಹೇಳದೆ ನನಗೆ ಸಮಾಧಾನ ಇಲ್ಲ. ಸೋರುವ ತಗಡಿನ ಚಾವಣಿಗಳಲ್ಲಿ ನಾನು ನೋಡಿದ ಹೆಚ್ಚಿನವು ಸೋರುವುದು ಸ್ಕ್ರೂ ತೂತಿನಲ್ಲೇ. ತಲೆಯ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಡ್ರಿಲ್ ಮಿಷನ್ ಕೈಗೆ ಸಿಕ್ಕಿದ ಹುಡುಗರು ಅದು ಕಿರುಗುಟ್ಟುವವರೆಗೂ ಬಿಗಿಯುತ್ತಾರೆ. ರಬ್ಬರ್ ಹಿಂಡಿ ಲೋಹದ ಬಿಲ್ಲೆಯಿಂದ ಆಚೆ ಬರುತ್ತದೆ, ಒಂದೆರಡು ಬೇಸಿಗೆಗೆ ಸೀಳುತ್ತದೆ. ಸಡಿಲ ಬಿಟ್ಟರೂ ಕಷ್ಟ. ರಬ್ಬರ್ ಬಿಲ್ಲೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲಬೇಕು, ಬೆರಳು ಆಡಿಸಿದರೆ ತಿಳಿಯುತ್ತದೆ. ನನ್ನ ಹುಡುಗರಿಗೆ ಮೊದಲ ವಾರ ಕಲಿಸುವುದು ಇದೊಂದನ್ನೇ. ಹಾಗೇ ಗ್ರೈಂಡರಿನಲ್ಲಿ ಶೀಟ್ ಕತ್ತರಿಸಬಾರದು. ಕಿಡಿ ಬಿದ್ದ ಕಡೆ ಲೇಪನ ಸುಟ್ಟು, ಚೂರುಗಳು ಅಂಟಿಕೊಂಡು, ಒಂದೇ ಮಳೆಗೆ ಕೆಂಪು ಚುಕ್ಕೆ ಏಳುತ್ತವೆ. ಅಳತೆ ಮೊದಲೇ ಕೊಟ್ಟರೆ ಪೀಣ್ಯದ ಕಾರ್ಖಾನೆಗಳಲ್ಲಿ ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಶೀಟ್ ಮಾಡಿಕೊಡುತ್ತಾರೆ. ನಡುವೆ ಜೋಡಣೆಯೇ ಬರುವುದಿಲ್ಲ.

ಗಾಳಿಯನ್ನೂ ಜನ ಮರೆಯುತ್ತಾರೆ. ಕಟ್ಟಡಗಳ ಮೇಲಿನ ಭಾರ ಲೆಕ್ಕಹಾಕುವ ಭಾರತೀಯ ಮಾನದಂಡ ಐ.ಎಸ್. 875 ಪ್ರಕಾರ ಬೆಂಗಳೂರಿಗೆ ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಹಗುರ ಚಾವಣಿಯನ್ನು ಗಾಳಿ ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಎತ್ತುವುದೇ ಜಾಸ್ತಿ, ಅದೂ ಅಂಚು, ಮೂಲೆಗಳಲ್ಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಹಾರಿಹೋದ ಶೀಟ್‌ಗಳನ್ನು ನೋಡಿದರೆ ಹೆಚ್ಚಾಗಿ ಸೂರಿನ ಸಾಲಿನಿಂದ ಕಿತ್ತಿರುತ್ತವೆ. ಶೀಟ್ ಮೇಲೆ ಕಲ್ಲು ಹೇರಿ ಬಿಡಬೇಡಿ, ಅದು ಪಕ್ಕದವರ ತಲೆ ಮೇಲೆ ಬೀಳುತ್ತದೆ. ಅಂಚಿನಲ್ಲಿ ಸ್ಕ್ರೂ ಹತ್ತಿರ ಹತ್ತಿರ ಹಾಕಿಸಿ, ಪೈಪನ್ನು ಗೋಡೆಗೆ ಬೋಲ್ಟ್ ಮಾಡಿಸಿ.

ಬಸವೇಶ್ವರನಗರದ ಒಂದು ಮನೆಯಲ್ಲಿ ಶೀಟು ಗೋಡೆಗೆ ಸೇರುವ ಜಾಗಕ್ಕೆ ಗಾರೆಯವರು ಪ್ರೀತಿಯಿಂದ ಸಿಮೆಂಟ್ ಮೆತ್ತಿದ್ದರು. ಮೂರು ವರ್ಷಕ್ಕೆ ಆ ಸಾಲು ಉದ್ದಕ್ಕೂ ಬಿಳಿ ಪುಡಿ ಎದ್ದು ತೂತು ಬಿತ್ತು. ಹಸಿ ಸಿಮೆಂಟಿನ ಕ್ಷಾರ ಸತು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಅಲ್ಲಿಗೆ ತಗಡಿನ ಪಟ್ಟಿಯೇ ಆಗಬೇಕು. ಸಂದಿ ಮುಚ್ಚೋಕೆ ಹುಳಿ ವಾಸನೆ ಬರುವ ಸಿಲಿಕೋನ್ ಅಂಟು ಕೂಡ ಬೇಡ, ನ್ಯೂಟ್ರಲ್ ಅಂತ ಬರೆದಿರುವುದು ಕೇಳಿ ತಗೊಳ್ಳಿ.

ಹಳೇ ಸಿಮೆಂಟ್ ಶೀಟ್ ಇಳಿಸುವುದು ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯದ ಭಾಗ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾದ ವಿಷಯ. ಒಡೆದು ಕೆಳಗೆ ಎಸೆಯುವುದು ಸುಲಭ, ಎಲ್ಲರೂ ಹಾಗೇ ಮಾಡುತ್ತಾರೆ. ನಾವು ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸುತ್ತೇವೆ, ಮನೆಯವರನ್ನು, ಅದರಲ್ಲೂ ಮಕ್ಕಳನ್ನು ದೂರ ಕಳಿಸುತ್ತೇವೆ. ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಆ ಧೂಳು ನಿಲ್ಲುವುದಿಲ್ಲ, ಸರಿಯಾದ ಮಾಸ್ಕೇ ಬೇಕು. ಹಳೇ ಶೀಟ್ ಮೇಲೆ ನೇರ ಕಾಲಿಡಬಾರದು, ಹಲಗೆ ಹಾಕಿಕೊಂಡೇ ನಡೆಯಬೇಕು. ನನ್ನ ಜೊತೆ ಕೆಲಸ ಕಲಿತ ಒಬ್ಬ ಗೆಳೆಯ ಶೀಟ್ ಸಮೇತ ಕೆಳಗೆ ಬಿದ್ದು ಸೊಂಟ ಮುರಿದುಕೊಂಡ. ಅವನು ಮತ್ತೆ ಏಣಿ ಹತ್ತಲಿಲ್ಲ.

ಇನ್ನೊಂದು ಕರೆಂಟು. ತಗಡಿನ ಮನೆಯಲ್ಲಿ ಒಂದು ವೈರು ಸುಲಿದು ಪೈಪಿಗೆ ತಾಗಿದರೆ ಇಡೀ ಚಾವಣಿಗೆ ಕರೆಂಟ್ ಬರುತ್ತದೆ. ಚಾವಣಿಗೆ ಅರ್ಥಿಂಗ್, ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಸ್ವಿಚ್ (ಆರ್.ಸಿ.ಸಿ.ಬಿ.), ಇವೆರಡೂ ಇಲ್ಲದಿದ್ದರೆ ನಾನು ಈಗ ಕೆಲಸ ಮುಗಿಯಿತು ಅನ್ನುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ತಗಡು ಬೇಡ ಅಂದುಕೊಳ್ಳಬೇಡಿ. ಆಲಿಕಲ್ಲು ಬಿದ್ದರೆ, ತೆಂಗಿನಕಾಯಿ ಬಿದ್ದರೆ ತಗ್ಗಾಗುತ್ತದೆ, ಒಡೆಯುವುದಿಲ್ಲ. ಹಳತಾದರೂ ಗುಜರಿಯಲ್ಲಿ ಕೆಜಿ ಲೆಕ್ಕಕ್ಕೆ ದುಡ್ಡು ಬರುತ್ತದೆ, ಸಿಮೆಂಟ್ ಶೀಟನ್ನು ಯಾರೂ ಮುಟ್ಟುವುದಿಲ್ಲ. ಮಳೆನೀರು ಹಿಡಿಯೋಕಂತೂ ಇದಕ್ಕಿಂತ ಒಳ್ಳೇದಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಲಗ್ಗೆರೆಯ ಆ 320 ಚದರಡಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರಿನ ಡ್ರಮ್ ತುಂಬಿ ಇನ್ನೂ 90 ಲೀಟರಿಗಿಂತ ಹೆಚ್ಚು ಮಿಗುತ್ತದೆ. ಅದೇ ವರ್ಷ ಮಾರ್ಚಿನಲ್ಲಿ ಊರೆಲ್ಲ ಟ್ಯಾಂಕರಿಗೆ ಕಾದು ನಿಂತಿದ್ದು ನೆನಪಿದೆಯಲ್ಲ. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಆಮೇಲಿನದನ್ನು ಅವರು ಬಟ್ಟೆ, ಪಾತ್ರೆಗೆ ಬಳಸುತ್ತಾರೆ.

ಆದರೆ ಎಲ್ಲಾ ಮನೆಗೂ ತಗಡು ಬೇಕಿಲ್ಲ. ಕಳೆದ ವರ್ಷ ಮಲ್ಲೇಶ್ವರದ ಒಂದು ಹೆಂಚಿನ ಮನೆಗೆ ಕರೆದಿದ್ದರು. ವಯಸ್ಸಾದ ಗಂಡ ಹೆಂಡತಿ. ಸೋರುತ್ತೆ, ಎಲ್ಲ ತೆಗೆದು ಶೀಟ್ ಹಾಕಿ ಅಂದರು. ಹತ್ತಿ ನೋಡಿದೆ. ಒಡೆದ ಹೆಂಚು ಅರವತ್ತರ ಒಳಗೆ. ತೇಗದ ತೊಲೆಗಳು ಗಟ್ಟಿ. ಕೊಳೆತದ್ದು ಹೆಂಚು ಕೂರುವ ಮರದ ಪಟ್ಟಿ, ರೀಪು ಮಾತ್ರ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ, ಶೀಟ್ 5 ಕಿಲೋ. ಗೋಡೆ, ತೊಲೆ ಬಳಲಿದ್ದರೆ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಅಲ್ಲಿ ಎರಡೂ ಚೆನ್ನಾಗಿದ್ದವು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗಿನಿಂದ ಈ ಹೆಂಚು ನಮ್ಮ ಬಿಸಿಲು ಮಳೆ ಎರಡನ್ನೂ ತಾಳಿಕೊಂಡು ಬಂದಿದೆ, ಸಂದಿಯಲ್ಲಿ ಗಾಳಿಯೂ ಆಡುತ್ತದೆ. ರೀಪು ಬದಲಾಯಿಸಿ, ಅದೇ ಹೆಂಚನ್ನು ತೊಳೆದು ಮತ್ತೆ ಹೊದಿಸಿಕೊಟ್ಟೆ. ಶೀಟ್ ಹಾಕಿದ್ದರೆ ನನಗೆ ಇದರ ಮೂರರಷ್ಟು ಕೆಲಸ ಸಿಗುತ್ತಿತ್ತು. ಆ ಅಜ್ಜಿಯ ನಡುಮನೆ ಮಧ್ಯಾಹ್ನವೂ ತಂಪಾಗಿತ್ತು, ಅದನ್ನು ಕೆಡಿಸೋಕೆ ಮನಸ್ಸು ಬರಲಿಲ್ಲ.

ಹೋದ ತಿಂಗಳು ಲಗ್ಗೆರೆಯಿಂದ ಮತ್ತೆ ಫೋನ್ ಬಂತು. ಪಕ್ಕದ ಮನೆಯವರು ಸಿಮೆಂಟ್ ಶೀಟ್ ತೆಗೆಸಬೇಕಂತೆ. ಅವರಿಗೆ ನಾನು ಬರೆದುಕೊಟ್ಟ ಕೊಟೇಷನ್ನನ್ನು ಆ ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಪಕ್ಕದವರಿಗೆ ಒಂದೊಂದೇ ಸಾಲು ಓದಿ ಹೇಳಿದರು. ಫಾಯಿಲಿನ ಸಾಲು ಬಂದಾಗ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಕೆಳಗೆ ಗೆರೆ ಎಳೆದು, "ಇದನ್ನ ಮಾತ್ರ ಬಿಡಿಸ್ಕೋಬೇಡಿ" ಅಂದರು. ಬಿಳಿ ಶೀಟ್ ಶನಿವಾರ ಪೀಣ್ಯದಿಂದ ಬರುತ್ತದೆ.